ಹತ್ತು ಅಡಿಯ ಮೋಟಾರು ಗಾಡಿ



10 ಅಡಿ ಉದ್ದ, 4 ಅಡಿ 7 ಅಂಗುಲ ಅಗಲ, 4 ಅಡಿ 5 ಅಂಗುಲ ಎತ್ತರವಿರುವ ಒಂದು ಪೆಟ್ಟಿಗೆಯನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಪೂರ್ಣವಾಗಿ ಬೆಳೆದ ನಾಲ್ವರು ಮನುಷ್ಯರು, ಮೊಣಕಾಲು ಗಲ್ಲಕ್ಕೆ ತಾಗದಂತೆ, ಇದರೊಳಗೆ ಕುಳಿತುಕೊಳ್ಳಬೇಕು. ಅವರ ಪ್ರಯಾಣದ ಸಾಮಾನಿಗೂ ಸ್ಥಳವಿರಬೇಕು. ನಾಲ್ಕು ಚಕ್ರಗಳು, ಪೆಟ್ರೋಲಿನ ತೊಟ್ಟಿ, ಬ್ಯಾಟರಿ, ಇವೂ ಇದೇ ಅಳತೆಯೊಳಗೆ ಅಡಗಬೇಕು. ಸಂಸಾರಸಮೇತ ಜಟಕಾದಲ್ಲಿ ಸವಾರಿ ಮಾಡಿದ ಹಿರಿಯರಿಗೆ ಇದೇನೂ ಅಸಾಧ್ಯವೆಂದು ತೋರದಿರಬಹುದು. ಆದರೆ ಜಟಕಾದಲ್ಲಿ ಕುದುರೆ ಗಾಡಿಯ ಹೊರಗಿರುತ್ತದೆ. ಇಲ್ಲಿ ಕುದುರೆಯೂ ಪೆಟ್ಟಿಗೆಯೊಳಗೇ ಇರತಕ್ಕದ್ದು. ಅದೂ ಒಂದಲ್ಲ, 34 ಕುದುರೆಗಳ ಶಕ್ತಿ.

ಈ ಲೆಕ್ಕವನ್ನು ಬಿಡಿಸಿದ ಗಾಡಿಗೆ ಮಿನಿ ಎಂದು ಹೆಸರು. ಅದು 1959ನೆಯ ಇಸವಿ ಆಗಸ್ಟ್ 26ರಂದು ಇಂಗ್ಲೆಂಡಿನಲ್ಲಿ ಹೊರಬಂದು, 2000ದ ಅಕ್ಟೋಬರ್ 4ರವರೆಗೆ ತಯಾರಾಗುತ್ತಿದ್ದಿತು. ಈ 41 ವರ್ಷಗಳಲ್ಲಿ 53 ಲಕ್ಷ 87 ಸಾವಿರಕ್ಕೂ ಮೇಲ್ಪಟ್ಟ ಗಾಡಿಗಳು ಕಾರ್ಖಾನೆಯಿಂದ ಹೊರಟವು. ಚಿಕ್ಕ ಗಾಡಿಗಳು ಅದಕ್ಕೆ ಮೊದಲೂ ಇದ್ದವು. ಇಂಗ್ಲೆಂಡಿನಲ್ಲಿಯೇ 1922ರ ಆಸ್ಟಿನ್ ಸೆವೆನ್, ಇಟಲಿಯಲ್ಲಿ 1936ರ ಫಿಯಟ್ ಟೊಪೊಲಿನೊ, ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್, ಫ್ರಾನ್ಸಿನಲ್ಲಿ 1948ರ ಸಿಟ್ರೊಯೆನ್, ಇವೆಲ್ಲ ಪ್ರಸಿದ್ಧವಾದುವೇ. ಮಿನಿಯ ಹೆಚ್ಚುಗಾರಿಕೆಯೆಂದರೆ, ಅದನ್ನು ರಚಿಸಿದವನು ಮೊದಲು ಮನುಷ್ಯರನ್ನು ಕೂರಿಸಿ, ಅವರಿಗೆ ಬೇಕಾದಷ್ಟು ಸ್ಥಳವನ್ನು ಅಳೆದುಕೊಟ್ಟು, ಮಿಕ್ಕುದರಲ್ಲಿ ಯಂತ್ರವು ಹೇಗಾದರೂ ಇದ್ದುಕೊಳ್ಳಲಿ ಎಂದು ಬಿಟ್ಟನು. ಗಾಡಿಯ ನೆಲದ ವಿಸ್ತೀರ್ಣದಲ್ಲಿ ನೂರಕ್ಕೆ 80 ಪಾಲು ಜನಕ್ಕೂ ಸಾಮಾನಿಗೂ ಮೀಸಲಾಯಿತು. ಯಂತ್ರಕ್ಕೆ ಉಳಿದದ್ದು 20 ಪಾಲು. ಹಾಗೆ ಇಕ್ಕಟ್ಟಿಗೆ ಸಿಕ್ಕಿದ ಯಂತ್ರವು ಏನೇನು ವೇಷ ಹಾಕಬೇಕಾಯಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಈ ಭಾಷಣದಲ್ಲಿ ಹೇಳಬಯಸುತ್ತೇನೆ.

ಮೊದಲು ಸಂದರ್ಭ. 1956ರ ಜುಲೈ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರದ ಸ್ವತ್ತನ್ನಾಗಿ ಮಾಡಿದರು. ಆ ವರ್ಷದ ಕೊನೆಯಲ್ಲಿ ಯುದ್ಧ ನಡೆದು ಕಾಲುವೆಯು ಮುಚ್ಚಿಹೋಯಿತು. ಪೂರ್ವದಿಂದ ಎಣ್ಣೆ ತರುತ್ತಿದ್ದ ಹಡಗುಗಳು ಆಫ್ರಿಕದ ತುದಿಯನ್ನು ಬಳಸಿಕೊಂಡು ಹೋಗಬೇಕಾಯಿತು. ಡಿಸೆಂಬರಿನಿಂದ ಮರುವರ್ಷದ ಮೇ ತಿಂಗಳವರೆಗೆ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ. ದೊಡ್ಡ ಗಾಡಿಗಳು ಮನೆಯ ಮುಂದೆ ಸುಮ್ಮನೆ ನಿಂತಿರಲು, ಬೀದಿಗಳಲ್ಲಿ ಜರ್ಮನಿಯ ಗುಳ್ಳೆಗಾಡಿಗಳು ಕಾಣಿಸಿಕೊಂಡವು. ಮುಂಭಾಗವೆಲ್ಲ ಬಾಗಿಲು, ಹಿಂದೆ ಮೋಟಾರುಸೈಕಲ್ಲಿನ ಎಂಜಿನು, ಒಳಗೆ ಇಬ್ಬರಿಗೆ ಮಾತ್ರ ಸ್ಥಳ, ಹೀಗಿತ್ತು ಅವುಗಳಲ್ಲಿ ಹೆಸರಾದ ಇಸೆಟ್ಟಾದ ರೂಪ. ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು 1952ರಲ್ಲಿ ಕೂಡಿ ಆಗಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಅಧ್ಯಕ್ಷ ಸರ್ ಲೆನಾರ್ಡ್ ಲಾರ್ಡ್ ಎಂಬಾತನಿಗೆ ಈ ಗುಳ್ಳೆಗಾಡಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವುಗಳನ್ನು ಬೀದಿಯಿಂದ ಓಡಿಸುವಂಥ, ಆದರೆ ನಿಜವಾದ ಮೋಟಾರು ಗಾಡಿಯೆನಿಸುವಂಥದೊಂದನ್ನು ಮಾಡಿಕೊಡಬೇಕೆಂದು ಆತನು 1957ರಲ್ಲಿ ಆಜ್ಞಾಪಿಸಿದನು. ಒಂದೇ ನಿರ್ಬಂಧ: ಹೊಸ ಎಂಜಿನಿಗೆ ಹಣವೂ ಇಲ್ಲ, ಕಾಲವೂ ಇಲ್ಲ, ಸಂಸ್ಥೆಯಲ್ಲಿ ಈಗಾಗಲೇ ತಯಾರಾಗುತ್ತಿರುವ ಎಂಜಿನನ್ನೇ ಬಳಸಬೇಕು.

ಆಜ್ಞೆಯನ್ನು ಪಡೆದವನು ಅಲೆಕ್ ಇಸಿಗೋನಿಸ್. ಈತನು 1906ರಲ್ಲಿ ತುರ್ಕಿಯ ಸ್ಮಿರ್ನಾ ಪಟ್ಟಣದಲ್ಲಿ ಹುಟ್ಟಿದವನು. ತಂದೆ ಬ್ರಿಟಿಷ್ ಪ್ರಜೆಯಾದ ಗ್ರೀಕನು, ಹಡಗಿನ ಯಂತ್ರಗಳ ಕಾರ್ಖಾನೆಯವನು. ತಾಯಿ ಬವೇರಿಯದ ಮನೆತನದವಳು. 1922ರಲ್ಲಿ ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ಕೊನೆಯಲ್ಲಿ ಕುಟುಂಬವು ಎಲ್ಲವನ್ನೂ ಬಿಟ್ಟು ಬ್ರಿಟಿಷ್ ಹಡಗಿನಲ್ಲಿ ಮಾಲ್ಟಾ ದ್ವೀಪಕ್ಕೆ ಹೋಗಬೇಕಾಯಿತು. ತಂದೆ ಅಲ್ಲಿಯೇ ತೀರಿಕೊಂಡನು. ತಾಯಿ ಮಗ ಇಬ್ಬರೇ ಇಂಗ್ಲೆಂಡನ್ನು ಸೇರಿದರು. ಲಂಡನ್ನಿನ ಬ್ಯಾಟರ್ಸೀ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತ ಈತನು ಗಣಿತದಲ್ಲಿ ಮೂರು ಬಾರಿ ತಪ್ಪಿದನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಮಾಧಾನ ತರಬಹುದಾದ ಸಂಗತಿ. ಆದರೆ ಆತನ ಕೈಯಲ್ಲಿ ಚಿತ್ರ ಬರೆಯುವ ಶಕ್ತಿ ಅಸಾಧಾರಣವಾಗಿತ್ತು ಎಂಬುದನ್ನೂ ಅವರು ಮರೆಯತಕ್ಕದ್ದಲ್ಲ. ಸಿಗರೇಟಿನ ಪೆಟ್ಟಿಗೆಯಾಗಲಿ ಊಟದ ಮೇಜಿನ ಬಟ್ಟೆಯಾಗಲಿ, ಕೈಗೆ ಸಿಕ್ಕಿದ್ದರ ಮೇಲೆ ಗಾಡಿಯ ಅಂಗಾಂಗಗಳನ್ನು ಗೀಚಿಕೊಟ್ಟು, ಲೆಕ್ಕಾಚಾರವನ್ನು ಜೊತೆಯವರಿಗೆ ಬಿಡುತ್ತಿದ್ದನು. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಈತನದೇ ಸೃಷ್ಟಿ. ಆ ಗಾಡಿ ನಮ್ಮ ದೇಶದಲ್ಲಿ ಬೇಬಿ ಹಿಂದೂಸ್ಥಾನ್ ಎಂಬ ಹೆಸರಿನಿಂದ ಓಡಾಡಿದ್ದುಂಟು.

ಈಗ ಯಂತ್ರದ ವಿಚಾರಕ್ಕೆ ಬರೋಣ. ಆ ಕಾಲದ ಸಾಮಾನ್ಯ ಮೋಟಾರು ಗಾಡಿಯಲ್ಲಿ ಎಂಜಿನು ಮುಂದೆ ಉದ್ದುದ್ದವಾಗಿ ಮಲಗಿರುತ್ತದೆ. ಅದರ ಬೆನ್ನಿಗೆ ಗೇರುಪೆಟ್ಟಿಗೆ. ಅಲ್ಲಿಂದ ಒಂದು ಉದ್ದನೆಯ ತಿರುಗುದಂಡವು ಗಾಡಿಯ ಹೊಟ್ಟೆಯ ಕೆಳಗೆ ಹಾದು, ಹಿಂದಿನ ಅಚ್ಚನ್ನು ಮುಟ್ಟಿ, ಹಿಂಚಕ್ರಗಳನ್ನು ತಿರುಗಿಸುತ್ತದೆ. ಈ ದಂಡಕ್ಕಾಗಿ ನೆಲದ ನಡುವೆ ಒಂದು ದಿಣ್ಣೆ ಏಳುವುದನ್ನೂ, ಹಿಂದಿನ ಪೀಠದಲ್ಲಿ ನಡುವೆ ಕುಳಿತವರು ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕಷ್ಟಪಡುವುದನ್ನೂ ತಾವು ಬಲ್ಲಿರಿ. ಚಕ್ರವನ್ನು ಮುಂದಿನಿಂದಲೇ ತಿರುಗಿಸಿದರೆ ದಂಡವೇ ಬೇಡ, ದಿಣ್ಣೆಯೂ ಬೇಡ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯವರು ಇದನ್ನು 1934ರಿಂದಲೇ ಮಾಡುತ್ತಿದ್ದರು. ಆದರೆ ಎಂಜಿನೂ ಗೇರುಪೆಟ್ಟಿಗೆಯೂ ಒಂದರ ಹಿಂದೊಂದು ನಿಂತರೆ ಮೂತಿಯ ಉದ್ದ ಕಡಿಮೆಯಾಗುವುದಿಲ್ಲ.

ಇಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ತಿರುಗಿಸಿದನು. ಅಡ್ಡ ಎಂಜಿನು ಸಹ ಆತನ ಸ್ವಂತ ಶೋಧವೇನಲ್ಲ. ಜರ್ಮನಿಯ ಡಿಕೆಡಬ್ಲ್ಯು ಗಾಡಿಗಳಲ್ಲಿ 1931ರಿಂದಲೂ ಎರಡು ಸಿಲಿಂಡರಿನ ಪುಟ್ಟ ಎಂಜಿನು ಹೀಗೆಯೇ ಕುಳಿತಿತ್ತು. ಆದರೆ ನಾಲ್ಕು ಸಿಲಿಂಡರಿನ ಎಂಜಿನು ಅದಕ್ಕಿಂತ ಉದ್ದವಾದುದು. ಅದನ್ನು ಅಡ್ಡಲಾಗಿಟ್ಟರೆ ಗಾಡಿಯ ಅಗಲವೆಲ್ಲ ಅದಕ್ಕೇ ಹೋಗುತ್ತದೆ. ಪಕ್ಕದಲ್ಲಿ ಗೇರುಪೆಟ್ಟಿಗೆಯನ್ನು ಸೇರಿಸುವುದೆಲ್ಲಿ? ಎಡಕ್ಕೆ ಸ್ಥಳವಿಲ್ಲ, ಬಲಕ್ಕೆ ಇಲ್ಲ, ಹಿಂದೆ ಮನುಷ್ಯರ ಕಾಲುಗಳಿವೆ. ಉಳಿದದ್ದು ಕೆಳಗೆ. ಎಂಜಿನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯೊಂದು ಇರುತ್ತದೆಯಷ್ಟೆ. ಆ ತೊಟ್ಟಿಯನ್ನೇ ಗೇರುಪೆಟ್ಟಿಗೆಯನ್ನಾಗಿ ಮಾಡಿದನು. ಎಂಜಿನಿಗೆ ಹಾಕಿದ ಎಣ್ಣೆಯಲ್ಲಿಯೇ ಗೇರಿನ ಹಲ್ಲುಗಳೂ ಮುಳುಗಿ ತಿರುಗಬೇಕು. ಬಾವಿಯ ಮೇಲೆ ಮನೆ ಕಟ್ಟಿ, ನೀರನ್ನೂ ನೆಲವನ್ನೂ ಒಂದೇ ನಿವೇಶನದಲ್ಲಿ ಪಡೆದಂತಾಯಿತು. ಇಡೀ ಗಾಡಿಯ ಮರ್ಮ ಈ ಒಂದು ನಿರ್ಣಯದಲ್ಲಿದೆ.

ಇಲ್ಲಿ ಇನ್ನೊಂದು ತೊಡಕಿದ್ದಿತು. ಮುಂದಿನ ಚಕ್ರಗಳು ಗಾಡಿಯನ್ನು ಎಳೆಯಲೂ ಬೇಕು, ಎಡಬಲಕ್ಕೆ ಹೊರಳಲೂ ಬೇಕು. ಎಂಜಿನಿನಿಂದ ಚಕ್ರಕ್ಕೆ ಹೋಗುವ ದಂಡದಲ್ಲಿ ಬಾಗಬಲ್ಲ ಕೀಲು ಅಗತ್ಯ. ಹಳೆಯ ಮಾದರಿಯ ಸಾಮಾನ್ಯ ಕೀಲಿಗೆ ಒಂದು ದೋಷವುಂಟು: ನೇರವಾಗಿರುವಾಗ ಸರಿಯಾಗಿ ತಿರುಗುತ್ತದೆ, ಬಾಗಿದೊಡನೆ, ಈಚೆಯ ದಂಡವು ಸಮವೇಗದಲ್ಲಿ ತಿರುಗುತ್ತಿದ್ದರೂ ಆಚೆಯದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದಕ್ಕೆ ಓಡಿ ಎರಡು ಬಾರಿ ಹಿಂದೆ ಬೀಳುತ್ತದೆ. ಬೀದಿಯ ಮೂಲೆಯಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಸವಾರನ ಕೈಯಲ್ಲಿ ಚುಕ್ಕಾಣಿಯೇ ಕುಣಿಯುತ್ತದೆ. ಆಲ್ಫ್ರೆಡ್ ಷೆಪ್ಪಾ ಎಂಬ ಎಂಜಿನಿಯರನು 1920ರ ದಶಕದಲ್ಲಿಯೇ ಇದಕ್ಕೊಂದು ಪರಿಹಾರ ಕಂಡುಹಿಡಿದಿದ್ದನು. ಬಟ್ಟಲಿನಂಥ ಒಂದು ಭಾಗ, ಅದರೊಳಗೆ ಗುಂಡಾದ ಇನ್ನೊಂದು ಭಾಗ, ಎರಡರಲ್ಲಿಯೂ ಕೊರೆದ ಗಾಡಿಗಳಲ್ಲಿ ಓಡುವ ಆರು ಉಕ್ಕಿನ ಗುಂಡುಗಳು. ಕೀಲು ಎಷ್ಟೇ ಬಾಗಲಿ, ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧಿಸುವ ಸ್ಥಾನದಲ್ಲಿಯೇ ನಿಲ್ಲುವುದರಿಂದ ಎರಡು ದಂಡಗಳ ವೇಗವೂ ಒಂದೇ ಆಗಿರುತ್ತದೆ. ಅಗ್ಗದ ಗಾಡಿಯಲ್ಲಿ ಇದನ್ನು ಲಕ್ಷಗಟ್ಟಲೆ ಬಳಸಿ ತೋರಿಸಿದ ಕೀರ್ತಿ ಮಿನಿಗೆ ಸಲ್ಲುತ್ತದೆ.

ಚಕ್ರಗಳ ವಿಷಯವೂ ಇಂಥದೇ. ದೊಡ್ಡ ಚಕ್ರ ಹೊರಳುವುದಕ್ಕೆ ದೊಡ್ಡ ಗೂಡು ಬೇಕು. ಗೂಡು ದೊಡ್ಡದಾದಷ್ಟೂ ಒಳಗಿನ ಸ್ಥಳ ಕಡಿಮೆ. ಇಸಿಗೋನಿಸ್ ತನ್ನ ಎರಡು ಕೈಗಳನ್ನು ಎತ್ತಿ ಹಿಡಿದು "ಇಷ್ಟಿರಲಿ" ಎಂದನೆಂದೂ, ಅಳೆದು ನೋಡಲು ಅದು 10 ಅಂಗುಲವಾಗಿತ್ತೆಂದೂ ಒಂದು ಕಥೆಯುಂಟು. ಕಥೆ ಹೇಗಾದರೂ ಇರಲಿ, 10 ಅಂಗುಲದ ಚಕ್ರವೇ ನಿಶ್ಚಯವಾಗಿ, ಅದಕ್ಕೆ ತಕ್ಕ ಟೈರನ್ನು ಡನ್‌ಲಪ್ ಸಂಸ್ಥೆಯವರು ಹೊಸದಾಗಿ ಮಾಡಿಕೊಟ್ಟರು.

ಉಕ್ಕಿನ ಸ್ಪ್ರಿಂಗಿಗೂ ಸ್ಥಳವಿರಲಿಲ್ಲ. ಅಲೆಕ್ಸ್ ಮೌಲ್ಟನ್ ಎಂಬ ಸ್ನೇಹಿತನು ರಬ್ಬರಿನ ವ್ಯಾಪಾರದ ಮನೆತನದಿಂದ ಬಂದವನು. ಆತನು ಶಂಕುವಿನ ಆಕಾರದ ರಬ್ಬರಿನ ಗಟ್ಟಿಗಳನ್ನು ರೂಪಿಸಿ ಸ್ಪ್ರಿಂಗಿನ ಸ್ಥಾನದಲ್ಲಿ ಕೂರಿಸಿದನು. ಇದರಲ್ಲಿ ಸ್ಥಳದ ಉಳಿತಾಯವಲ್ಲದೆ ಇನ್ನೊಂದು ಗುಣವೂ ಇದೆ. ಮಿನಿಯ ತೂಕ ಸುಮಾರು 600 ಕಿಲೋಗ್ರಾಂ. ನಾಲ್ವರು ಹತ್ತಿ ಕುಳಿತರೆ ಅದರ ಅರ್ಧದಷ್ಟು ತೂಕ ಒಮ್ಮೆಗೇ ಮೇಲೆ ಬೀಳುತ್ತದೆ. ದೊಡ್ಡ ಗಾಡಿಗೆ ಈ ಹೊರೆ ಲೆಕ್ಕಕ್ಕಿಲ್ಲ. ಚಿಕ್ಕ ಗಾಡಿಯಲ್ಲಾದರೋ, ಒಬ್ಬನಿಗೆ ಹಿತವಾದ ಮೆದು ಸ್ಪ್ರಿಂಗು ನಾಲ್ವರು ಕುಳಿತಾಗ ನೆಲಕಚ್ಚುತ್ತದೆ, ನಾಲ್ವರಿಗೆ ತಕ್ಕದ್ದು ಒಬ್ಬನನ್ನು ಎತ್ತಿ ಹಾಕುತ್ತದೆ. ಆದರೆ ಈ ರಬ್ಬರಿನ ಶಂಕುವನ್ನು ಒತ್ತಿದಷ್ಟೂ ಅದು ಬಿಗಿಯಾಗುತ್ತ ಹೋಗುತ್ತದೆ. ಹೊರೆ ಹೆಚ್ಚಿದಂತೆ ತಾನೇ ಬಲವನ್ನು ಹೆಚ್ಚಿಸಿಕೊಳ್ಳುವ ಸ್ಪ್ರಿಂಗು ಇದು. ಇಂಥದೊಂದು ಹಳೆಯ ಗಾಡಿಯ ಹಿಂದಿನ ಪೀಠದಲ್ಲಿ ಕೂರುವ ಅವಕಾಶ ನನಗೊಮ್ಮೆ ದೊರೆತಿತ್ತು. ಸ್ಥಳಕ್ಕೆ ಕೊರತೆಯೆನಿಸಲಿಲ್ಲ, ರಸ್ತೆಯ ಪ್ರತಿಯೊಂದು ಕಲ್ಲಿನ ಪರಿಚಯವಾಯಿತೆಂಬುದನ್ನು ಮಾತ್ರ ಮುಚ್ಚಿಡಲಾರೆ.

ಉಳಿದ ಅಂಗಗಳಲ್ಲಿಯೂ ಇದೇ ಕೃಪಣತೆ. ಬಾಗಿಲಿನ ಗಾಜು ಕೆಳಗಿಳಿಯುವ ಬದಲು ಪಕ್ಕಕ್ಕೆ ಸರಿಯುತ್ತದೆ; ಆದ್ದರಿಂದ ಬಾಗಿಲಿನ ಟೊಳ್ಳು ಬರಿದಾಗಿ ಉಳಿದು, ಸಾಮಾನಿಡುವ ದೊಡ್ಡ ಜೇಬಾಯಿತು. ಒಳಗಿನಿಂದ ಬಾಗಿಲನ್ನು ತೆರೆಯಲು ಹಿಡಿಯಿಲ್ಲ, ಎಳೆಯುವ ಒಂದು ಹುರಿ. ಮುಂದೆ ಅಳತೆಯ ಗಡಿಯಾರಗಳ ಫಲಕವಿಲ್ಲ. ಉದ್ದಕ್ಕೂ ಒಂದು ಹಲಗೆ, ಅದರ ನಡುವೆ ವೇಗಮಾಪಕ. ತಗಡುಗಳನ್ನು ಕೂಡಿಸಿದ ಬೆಸುಗೆಯ ಅಂಚುಗಳನ್ನು ಹೊರಗೇ ಕಾಣುವಂತೆ ಬಿಡಲಾಯಿತು. ಹಿಂದಿನ ಸಾಮಾನಿನ ಗೂಡಿನ ಬಾಗಿಲು ಕೆಳಗೆ ಕೀಲುಳ್ಳದ್ದು. ಪೆಟ್ಟಿಗೆ ದೊಡ್ಡದಾದರೆ ಬಾಗಿಲನ್ನು ಹಲಗೆಯಂತೆ ಮಲಗಿಸಿ ಅದರ ಮೇಲಿಡಬಹುದು. ಆಗಲೂ ಹಿಂದಿನವರಿಗೆ ಕಾಣಲೆಂದು ಗಾಡಿಯ ನಂಬರಿನ ಫಲಕವು ತಾನೇ ಜೋತು ನೆಟ್ಟಗೆ ನಿಲ್ಲುತ್ತದೆ. ಸುಖಾಸನವನ್ನು ಇಸಿಗೋನಿಸ್ ಬೇಕೆಂದೇ ಕೊಡಲಿಲ್ಲ. ಸ್ವಲ್ಪ ಅನಾನುಕೂಲವಿದ್ದರೆ ಸವಾರನು ಎಚ್ಚರವಾಗಿರುತ್ತಾನೆಂಬುದು ಆತನ ಮತ. ಗಾಡಿಯಲ್ಲಿ ರೇಡಿಯೋ ಇರುವುದೂ ಆತನಿಗೆ ಸಮ್ಮತವಿರಲಿಲ್ಲ. ಈ ಮಾತನ್ನು ಆಕಾಶವಾಣಿಯ ಮೂಲಕವೇ ಹೇಳಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ. ಆತನು ಬಹಳವಾಗಿ ಸಿಗರೇಟು ಸೇದುತ್ತಿದ್ದನು. ಬೂದಿಯ ಬಟ್ಟಲಿಗೆ ಮಾತ್ರ ಗಾಡಿಯಲ್ಲಿ ಸ್ಥಳ ದೊರೆಯಿತು.

1957ರ ಶರತ್ಕಾಲಕ್ಕೆ ಮೊದಲ ಮಾದರಿಗಳು ರಸ್ತೆಗಿಳಿದವು. ಗಂಟೆಗೆ 90 ಮೈಲಿಗೂ ಮೀರಿ ಓಡಿದುದನ್ನು ಕಂಡು, ಸಂಸಾರಸ್ಥರ ಗಾಡಿಗೆ ಇಷ್ಟು ವೇಗ ಸಲ್ಲದೆಂದು ಎಂಜಿನಿನ ಗಾತ್ರವನ್ನು 948 ಘನ ಸೆಂಟಿಮೀಟರಿನಿಂದ 848ಕ್ಕೆ ಇಳಿಸಿದರು. ಅಗಲವನ್ನು 2 ಅಂಗುಲ ಹೆಚ್ಚಿಸಿದರು. ಮೂರನೆಯ ಬದಲಾವಣೆ ಹೆಚ್ಚು ಸ್ವಾರಸ್ಯವಾದುದು. ಮೊದಲು ಎಂಜಿನಿನ ಕಾರ್ಬುರೇಟರು ಗಾಡಿಯ ಮೂತಿಯ ಕಡೆಗಿದ್ದು, ಎದುರುಗಾಳಿಯ ಚಳಿಗೆ ಅದರೊಳಗೆ ಮಂಜು ಕಟ್ಟುತ್ತಿದ್ದಿತು. ಎಂಜಿನನ್ನು ಹಿಂದುಮುಂದಾಗಿ ತಿರುಗಿಸಿ ಕಾರ್ಬುರೇಟರನ್ನು ಹಿಂದಕ್ಕೆ ಒಯ್ದರು. ಆ ತೊಂದರೆ ಹೋಯಿತು. ಆದರೆ ಹಿಂದಿದ್ದದ್ದು ಮುಂದೆ ಬರಲೇಬೇಕಷ್ಟೆ. ಮುಂದೆ ಬಂದದ್ದು ಸಿಲಿಂಡರುಗಳಿಗೆ ವಿದ್ಯುತ್ತಿನ ಕಿಡಿಯನ್ನು ಹಂಚುವ ಉಪಕರಣ. ಅದೀಗ ಮೂತಿಯ ಜಾಲರಿಯ ಹಿಂದೆಯೇ ಮಳೆಗೆ ಎದೆಯೊಡ್ಡಿ ನಿಂತಿತು. ಜೋರು ಮಳೆಯಲ್ಲಿ ಮಿನಿಯು ನಡುಬೀದಿಯಲ್ಲಿ ನಿಂತುಬಿಡುವುದೆಂಬ ಅಪಖ್ಯಾತಿಗೆ ಇದೇ ಮೂಲ.

ಮಳೆಯಿಂದ ಇನ್ನೂ ಒಂದು ಅವಮಾನ ಕಾದಿತ್ತು. ನೆಲದ ತಗಡನ್ನು ಮುಂದಿನ ತಗಡಿಗೆ ಕೂಡಿಸುವಲ್ಲಿ, ಒಂದರ ಮೇಲೊಂದು ಬರುವ ಅಂಚು ಉಲ್ಟಾ ಆಗಿತ್ತು. ಹೆಂಚು ಹೊದಿಸುವ ಕೂಲಿಯವನಿಗೂ ಗೊತ್ತಿರುವ ನಿಯಮವೆಂದರೆ, ನೀರು ಬರುವ ದಿಕ್ಕಿಗೆ ಅಂಚು ಬಾಯಿ ತೆರೆದಿರಬಾರದು. ಇಲ್ಲಿ ತೆರೆದಿತ್ತು. 1959ರ ಬೇಸಗೆ ಇಂಗ್ಲೆಂಡಿನಲ್ಲಿ ಒಣ ಬೇಸಗೆಯಾಗಿದ್ದುದರಿಂದ ದೋಷವು ಕೂಡಲೆ ಬಯಲಾಗಲಿಲ್ಲ. ಮಳೆಗಾಲ ಹಿಡಿದೊಡನೆ, ಹೊಸ ಗಾಡಿ ಕೊಂಡವರ ಕಾಲ ಕೆಳಗಿನ ಜಮಖಾನೆ ತೊಯ್ದು ತೊಪ್ಪೆಯಾಯಿತು. ಸರಿಪಡಿಸಲು ತಿಂಗಳುಗಳೇ ಹಿಡಿದವು.

ಇನ್ನು ಬೆಲೆಯ ಮಾತು. ತೆರಿಗೆಯೂ ಸೇರಿ 496 ಪೌಂಡು 19 ಷಿಲಿಂಗು 2 ಪೆನ್ಸು. ಅದೇ ವರ್ಷ ಬಂದ ಫೋರ್ಡ್ ಆಂಗ್ಲಿಯಾಕ್ಕಿಂತ ಇದು ಎಷ್ಟೋ ಕಡಿಮೆ. ಫೋರ್ಡಿನವರಿಗೆ ಸಂದೇಹ ಬಂದು, ಒಂದು ಮಿನಿಯನ್ನು ಕೊಂಡು ಮೊಳೆಮೊಳೆಯಾಗಿ ಬಿಚ್ಚಿ ಲೆಕ್ಕ ಹಾಕಿದರು. ಗಾಡಿಯೊಂದಕ್ಕೆ ಸುಮಾರು 30 ಪೌಂಡು ನಷ್ಟವಾಗುತ್ತಿರಬೇಕೆಂಬುದು ಅವರ ತೀರ್ಮಾನ. ಆ ಲೆಕ್ಕದ ನಿಖರತೆಯ ಬಗ್ಗೆ ವಾದವು ಇಂದಿಗೂ ಮುಗಿದಿಲ್ಲ. ಲಾಭವು ಅತ್ಯಲ್ಪವಾಗಿತ್ತೆಂಬುದನ್ನು ಅಲ್ಲಗಳೆಯುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ, ತೆರಬೇಕಾದ ಬೆಲೆಯನ್ನು ಸಂಸ್ಥೆಯು ಪೇಟೆಯಲ್ಲಿ ಕೇಳಲು ಅಂಜಿದ್ದೇ ದೊಡ್ಡ ತಪ್ಪು. ಇಷ್ಟು ಹೊಸತನವಿರುವ ಗಾಡಿಯನ್ನು ಹಳೆಯ ಗಾಡಿಗಿಂತ ಅಗ್ಗವಾಗಿ ಮಾರಿದರೆ, ಮುಂದಿನ ಹೊಸತಿಗೆ ಹಣ ಎಲ್ಲಿಂದ ಬರಬೇಕು? ಆ ಸಂಸ್ಥೆಯು 1968ರಲ್ಲಿ ಬ್ರಿಟಿಷ್ ಲೇಲ್ಯಾಂಡಿನಲ್ಲಿ ಲೀನವಾಯಿತು. ಲೇಲ್ಯಾಂಡು 1975ರಲ್ಲಿ ಸರ್ಕಾರದ ಕೈಸೇರಿತು. ಇದಕ್ಕೆ ಮಿನಿಯೊಂದೇ ಕಾರಣವೆನ್ನುವುದು ಅನ್ಯಾಯ. ಆದರೂ ಬೀದಿಯಲ್ಲಿ ಎಲ್ಲರೂ ಹೊಗಳುವ ಗಾಡಿಯನ್ನು ಮಾಡಿದ ಕೈಗಳಿಗೆ ಅದರಿಂದ ದೊರೆತದ್ದು ಸ್ವಲ್ಪವೇ.

ಹೊಗಳಿಕೆಗಂತೂ ಬರವಿರಲಿಲ್ಲ. ಬಡ ಸಂಸಾರಸ್ಥನಿಗೆಂದು ಮಾಡಿದ ಗಾಡಿಯನ್ನು ಮೊದಲು ಮೆಚ್ಚಿಕೊಂಡವರು ಲಂಡನ್ನಿನ ಶ್ರೀಮಂತರೂ ನಟರೂ ಗಾಯಕರೂ ಎಂಬುದು ವಿಚಿತ್ರ. ಪಂದ್ಯದ ಗಾಡಿಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್, ಇದರ ತಿರುವುಗಳಲ್ಲಿನ ಚುರುಕನ್ನು ಕಂಡು, 1961ರಲ್ಲಿ ಹೆಚ್ಚು ಶಕ್ತಿಯ ಎಂಜಿನನ್ನು ಕೂರಿಸಿದನು. ಚಕ್ರಗಳು ನಾಲ್ಕೂ ಮೂಲೆಗಳಲ್ಲಿರುವುದು, ಭಾರವೆಲ್ಲ ಎಳೆಯುವ ಚಕ್ರಗಳ ಮೇಲಿರುವುದು, ಇವು ಹಿಮದ ರಸ್ತೆಯಲ್ಲಿ ದೊಡ್ಡ ಅನುಕೂಲ. ಮಾಂಟೆ ಕಾರ್ಲೋ ಪಂದ್ಯವನ್ನು ಮಿನಿಯು 1964, 1965, 1967ರಲ್ಲಿ ಗೆದ್ದಿತು. 1966ರಲ್ಲಿಯೂ ಮೊದಲ ಮೂರು ಸ್ಥಾನಗಳಲ್ಲಿ ಮಿನಿಗಳೇ ಬಂದಿದ್ದವು. ದೀಪಗಳು ನಿಯಮಕ್ಕೆ ಹೊಂದಿಲ್ಲವೆಂದು ಮೂರನ್ನೂ ತೆಗೆದುಹಾಕಿ, ಒಂದು ಸಿಟ್ರೊಯೆನ್ ಗಾಡಿಗೆ ಗೆಲುವನ್ನು ಕೊಟ್ಟರು. ಆ ಸೋಲು ಗೆಲುವಿಗಿಂತ ಹೆಚ್ಚು ಪ್ರಚಾರ ತಂದಿತು.

ಆದರೆ ಮಿನಿಯ ನಿಜವಾದ ವಂಶ ಬೆಳೆದದ್ದು ಬೇರೆ ಮನೆಯಲ್ಲಿ. ಎಂಜಿನಿಗೂ ಗೇರಿಗೂ ಒಂದೇ ಎಣ್ಣೆಯಾದರೆ, ಗೇರಿನ ಹಲ್ಲುಗಳು ಅರೆದು ಎಣ್ಣೆಯ ಸತ್ವವು ಬೇಗ ಕುಂದುತ್ತದೆ. ಎಂಜಿನಿನಿಂದ ಶಕ್ತಿಯನ್ನು ಕೆಳಕ್ಕಿಳಿಸುವ ಗೇರುಗಳು ಸದಾ ಕೊರಗುತ್ತವೆ. ಗೇರು ಕೆಟ್ಟರೆ ಇಡೀ ಎಂಜಿನನ್ನೇ ಹೊರಗೆತ್ತಬೇಕು. ಇಟಲಿಯ ಫಿಯಟ್ ಸಂಸ್ಥೆಯ ದಾಂತೆ ಜಕೋಸಾ ಇದನ್ನು ಯೋಚಿಸಿ, ಅಡ್ಡ ಎಂಜಿನನ್ನು ಉಳಿಸಿಕೊಂಡು, ಗೇರುಪೆಟ್ಟಿಗೆಯನ್ನು ಕಿರಿದು ಮಾಡಿ ಎಂಜಿನಿನ ಪಕ್ಕಕ್ಕೆ ಜೋಡಿಸಿದನು. ಚಕ್ರಗಳಿಗೆ ಹೋಗುವ ದಂಡಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಆಯಿತು, ಅಷ್ಟೇ. 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಪರೀಕ್ಷಿಸಿ, 1969ರ ಫಿಯಟ್ 128ರಲ್ಲಿ ಸ್ಥಿರಪಡಿಸಿದ ಈ ಕ್ರಮವನ್ನೇ ಜಗತ್ತಿನ ಬಹುಪಾಲು ಚಿಕ್ಕ ಗಾಡಿಗಳು ಅನುಸರಿಸಿದವು. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಸಹ, ಜಪಾನಿನ ಸುಜುಕಿಯಿಂದ ಬಂದದ್ದಾದರೂ, ಇದೇ ಏರ್ಪಾಡಿನದು: ಅಡ್ಡ ಎಂಜಿನು, ಪಕ್ಕದಲ್ಲಿ ಗೇರುಪೆಟ್ಟಿಗೆ, ಮುಂಚಕ್ರಗಳ ಎಳೆತ, ಸುಮಾರು 11 ಅಡಿಯ ಉದ್ದ. ಅಂಬಾಸಡರಿನ ವಿಶಾಲವಾದ ಮೂತಿಯನ್ನು ಕಂಡು ರೂಢಿಯಾದ ಬೆಂಗಳೂರು ಮೈಸೂರಿನ ಜನ, ಇಷ್ಟು ಮೊಂಡು ಮೂತಿಯೊಳಗೆ ಎಂಜಿನು ಎಲ್ಲಿದೆಯೆಂದು ಆಶ್ಚರ್ಯಪಟ್ಟಿದ್ದರೆ ಅದು ಸಹಜವೇ.

ಇಸಿಗೋನಿಸ್ 1969ರಲ್ಲಿ ಸರ್ ಪದವಿಯನ್ನು ಪಡೆದು, 1971ರಲ್ಲಿ ಕೆಲಸದಿಂದ ನಿವೃತ್ತನಾಗಿ, 1988ರ ಅಕ್ಟೋಬರಿನಲ್ಲಿ ತೀರಿಕೊಂಡನು. ಸಂಸ್ಥೆಯನ್ನು 1994ರಲ್ಲಿ ಕೊಂಡ ಜರ್ಮನಿಯ ಬಿಎಂಡಬ್ಲ್ಯು, 2001ರಲ್ಲಿ ಅದೇ ಹೆಸರಿನ ಹೊಸ ಗಾಡಿಯನ್ನು ಹೊರತಂದಿತು. ಅದರ ಉದ್ದ ಸುಮಾರು 12 ಅಡಿ. ಗೇರುಪೆಟ್ಟಿಗೆ ಜಕೋಸಾನ ಕ್ರಮದಂತೆ ಎಂಜಿನಿನ ಪಕ್ಕದಲ್ಲಿ. ಅದಕ್ಕೆ ಹಿಂದಿನ ವರ್ಷ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಿಂದ ಹೊರಟ ಕೊನೆಯ ಹಳೆಯ ಮಿನಿ ಕೆಂಪು ಬಣ್ಣದ್ದು. ಬಾಗಿಲಿನ ಗಾಜು ಅಷ್ಟರಲ್ಲಿ ಕೆಳಗಿಳಿಯುವಂತಾಗಿತ್ತು, ಚಕ್ರಗಳು ದೊಡ್ಡವಾಗಿದ್ದವು, ರೇಡಿಯೋ ಕೂಡ ಬಂದಿತ್ತು. ಮೂತಿಯನ್ನು ಎತ್ತಿ ನೋಡಿದರೆ ಮಾತ್ರ, 1959ರಲ್ಲಿದ್ದಂತೆಯೇ ಎಂಜಿನು ಅಡ್ಡಲಾಗಿ ಕುಳಿತಿತ್ತು. ಅದರ ಕೆಳಗೆ ಗೇರುಗಳು ಅದೇ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಿದ್ದವು.